ಎಂಟಡಿ ಹಲಗೆಯ ಮೇಲೊಂದು ಕೊನೇ ನಿಲ್ದಾಣ: ಪುಟ್ಟ ಮಾದರಿ ರೈಲಿಗೆ ಹಳಿ ನಕ್ಷೆ ಹಾಕುವುದು ಹೇಗೆ?

ಮಾದರಿ ರೈಲಿನ ಸೆಟ್ ಮನೆಗೆ ಬಂದ ದಿನ ಎಲ್ಲರೂ ಮಾಡುವುದು ಒಂದೇ ಕೆಲಸ. ಪೆಟ್ಟಿಗೆಯಲ್ಲಿರುವ ಹಳಿಗಳನ್ನು ಜೋಡಿಸಿ ನೆಲದ ಮೇಲೆ ಒಂದು ಸುತ್ತು ಹಾಕುತ್ತಾರೆ. ರೈಲು ಸುತ್ತುತ್ತದೆ, ನೋಡೋಕೆ ಖುಷಿಯಾಗುತ್ತದೆ. ಕೆಲವು ದಿನ ಕಳೆದ ಮೇಲೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಆ ರೈಲಿಗೆ ಹೋಗಲು ಒಂದು ಊರಿಲ್ಲ, ಮಾಡಲು ಒಂದು ಕೆಲಸವಿಲ್ಲ. ಬೇಸರ ಬರುವುದು ಅದಕ್ಕೇ.

ಹಾಗಾಗಿ ಹಳಿ ನಕ್ಷೆಯನ್ನು ಹಳಿಯಿಂದ ಶುರು ಮಾಡಬೇಡಿ. ರೈಲು ಏನು ಮಾಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಆ ರೈಲು ಎಷ್ಟು ಉದ್ದ ಎಂದು ಆಮೇಲೆ ಅಳೆಯಿರಿ. ಈ ಎರಡು ಗೊತ್ತಾದರೆ ಹಳಿ ಎಲ್ಲಿ ಬರಬೇಕು ಅನ್ನುವುದು ಮುಕ್ಕಾಲು ಪಾಲು ತಾನಾಗಿಯೇ ಗೊತ್ತಾಗುತ್ತದೆ.

ದಾವಣಗೆರೆಯೋ, ಚಿತ್ರದುರ್ಗವೋ?

ನಾನು ದಾವಣಗೆರೆಯವನು. ಮಾದರಿ ಮಾಡುವುದಾದರೆ ನಮ್ಮೂರ ಸ್ಟೇಷನ್ನೇ ಮಾಡಬೇಕು ಅಂತ ಆಸೆಯಾಗುವುದು ಸಹಜ. ಆದರೆ ದಾವಣಗೆರೆ ಇರುವುದು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿ. ರೈಲು ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮುಂದೆ ಹರಿಹರದ ಕಡೆಗೆ ಹೊರಡುತ್ತದೆ. 20 ಬೋಗಿಯ ಎಕ್ಸ್‌ಪ್ರೆಸ್ ರೈಲನ್ನು ಎಚ್‌ಒ ಅಳತೆಯಲ್ಲಿ, ಅಂದರೆ ನಿಜ ಗಾತ್ರದ 87ನೇ ಒಂದು ಭಾಗಕ್ಕೆ ಇಳಿಸಿ ಮಾಡಿದರೆ ಬೋಗಿಗಳೇ 5 ಮೀಟರ್ ದಾಟುತ್ತವೆ. ಪ್ಲಾಟ್‌ಫಾರಂ ಅದಕ್ಕಿಂತ ಉದ್ದ ಬೇಕು. ಮಲಗುವ ಕೋಣೆಯ ಗೋಡೆಗೆ ಅದು ಹಿಡಿಸುವುದಿಲ್ಲ.

ಚಿತ್ರದುರ್ಗದ ಕಥೆ ಬೇರೆ. ಚಿಕ್ಕಜಾಜೂರಿನಲ್ಲಿ ಮುಖ್ಯ ಮಾರ್ಗದಿಂದ ಒಂದು ಕವಲು ಒಡೆದು ಚಿತ್ರದುರ್ಗಕ್ಕೆ ಹೋಗುತ್ತದೆ. ಈಗ ಆ ಹಳಿ ಚಳ್ಳಕೆರೆ, ರಾಯದುರ್ಗ ದಾಟಿ ಬಳ್ಳಾರಿಯವರೆಗೆ ಇದೆ. ಆದರೆ ಹಿಂದೆ, ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಕಾಲದಲ್ಲಿ, ಚಿತ್ರದುರ್ಗವೇ ಕೊನೇ ನಿಲ್ದಾಣ. ಕೊನೇ ನಿಲ್ದಾಣದಲ್ಲಿ ಎಷ್ಟು ಕೆಲಸ ಇರುತ್ತದೆ ನೋಡಿ. ಬಂದ ರೈಲಿನಿಂದ ಇಂಜಿನ್ ಕಳಚಬೇಕು. ಅದು ಪಕ್ಕದ ಲೂಪ್ ಹಳಿಯಲ್ಲಿ ಹಿಂದಕ್ಕೆ ಹೋಗಿ ರೈಲಿನ ಇನ್ನೊಂದು ತುದಿಗೆ ಸೇರಬೇಕು. ಗೂಡ್ಸ್ ಬಂದರೆ ವ್ಯಾಗನ್ನುಗಳನ್ನು ಬಿಡಿಸಿ ಶೆಡ್ಡಿಗೆ ನೂಕಬೇಕು, ಖಾಲಿಯಾದವನ್ನು ಎಳೆದು ತರಬೇಕು. ಇಷ್ಟೆಲ್ಲ ಎರಡೇ ಬೋಗಿ, ನಾಲ್ಕೇ ವ್ಯಾಗನ್ ಇಟ್ಟುಕೊಂಡೂ ಮಾಡಬಹುದು. ಪುಟ್ಟ ಜಾಗಕ್ಕೆ ಕವಲು ಮಾರ್ಗದ ಕೊನೇ ನಿಲ್ದಾಣದಷ್ಟು ಒಳ್ಳೆಯ ವಿಷಯ ಇನ್ನೊಂದಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಚಿತ್ರದುರ್ಗದ ಸ್ಟೇಷನ್ನನ್ನು ಇದ್ದ ಹಾಗೇ ಇಳಿಸಬೇಕು ಅಂತೇನಿಲ್ಲ. ಆ ಸೀಮೆಯ ಒಂದು ಕಲ್ಪನೆಯ ಊರು ಸಾಕು. ಪಕ್ಕದಲ್ಲಿ ಒಂದು ಗೂಡ್ಸ್ ಶೆಡ್ ಇರಲಿ, ಚಳ್ಳಕೆರೆಯ ನೆನಪಿಗೆ ಒಂದು ಕಡಲೆಕಾಯಿ ಎಣ್ಣೆ ಮಿಲ್ ಇರಲಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ದಿನಕ್ಕೆ ಒಂದು ಪ್ಯಾಸೆಂಜರ್ ಬರುತ್ತದೆ, ಹೋಗುತ್ತದೆ. ಒಂದು ಗೂಡ್ಸ್ ಬರುತ್ತದೆ. ಶೆಡ್ಡಿಗೆ ಮೂರು ವ್ಯಾಗನ್, ಮಿಲ್ಲಿಗೆ ಒಂದು. ಇದೇ ನಿಮ್ಮ ನಕ್ಷೆಯ ಬುನಾದಿ.

ಯಾವ ಅಳತೆ?

ಎಚ್‌ಒ ಅಂದರೆ 1:87. ಹಳಿಗಳ ನಡುವೆ 16.5 ಮಿ.ಮೀ. ಎನ್ ಅಂದರೆ 1:160. ಹಳಿಗಳ ನಡುವೆ 9 ಮಿ.ಮೀ. ಬೇರೆ ಅಳತೆಗಳೂ ಇವೆ, ಆದರೆ ಹೊಸಬರು ಇವೆರಡರಲ್ಲಿ ಒಂದನ್ನು ಹಿಡಿಯುವುದು ಒಳ್ಳೆಯದು. ಸಾಮಾನು ಸುಲಭವಾಗಿ ಸಿಗುತ್ತದೆ.

ರೈಲು ಸುತ್ತು ಹಾಕುವುದನ್ನು ನೋಡುತ್ತಾ ಕೂರಬೇಕು ಅನ್ನುವವರಿಗೆ ಎನ್ ಸರಿ. ಶಂಟಿಂಗ್ ಮಾಡಬೇಕು, ಅಂದರೆ ಗಾಡಿಗಳನ್ನು ಎಳೆದು ನೂಕಿ ಜಾಗ ಬದಲಿಸಬೇಕು, ಕೈಯಿಂದ ಕೊಂಡಿ ಕಳಚಿ ಹಾಕಬೇಕು ಅನ್ನುವವರಿಗೆ ಎಚ್‌ಒ ಸರಿ. ಎನ್ ಅಳತೆಯ ಕೊಂಡಿ ಹಿಡಿಯುವುದು ನಲವತ್ತು ದಾಟಿದ ಕಣ್ಣಿಗೆ ಸ್ವಲ್ಪ ಕಷ್ಟ.

ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯ 16.5 ಮಿ.ಮೀ. ಹಳಿ ವಿದೇಶದ 1435 ಮಿ.ಮೀ. ಗೇಜಿಗೆ ಹೊಂದುವಂಥದ್ದು. ಅಂದರೆ ನಮ್ಮ ಗಾಡಿಗೆ ಹಳಿ ಸ್ವಲ್ಪ ಕಿರಿದಾಗಿ ಕಾಣುತ್ತದೆ. ಮೊದಲ ಲೇಔಟಿಗೆ (ಹಲಗೆಯ ಮೇಲೆ ಕಟ್ಟುವ ಇಡೀ ಮಾದರಿಗೆ) ಇದನ್ನು ಒಪ್ಪಿಕೊಳ್ಳಿ. ಸ್ವಂತ ಹಳಿ ತಯಾರಿಸಲು ಹೊರಟರೆ ರೈಲು ಓಡುವ ದಿನ ದೂರ ಹೋಗುತ್ತದೆ. ಹಳೆಯ ಮೀಟರ್ ಗೇಜೇ ಬೇಕು ಅನ್ನುವವರಿಗೆ ಎಚ್‌ಒ ಗಾತ್ರದ ಗಾಡಿಗಳನ್ನು 12 ಮಿ.ಮೀ. ಹಳಿಯ ಮೇಲೆ ಓಡಿಸುವ ದಾರಿಯೂ ಇದೆ. 1000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5 ಬರುತ್ತದೆ, ಬಹಳ ಹತ್ತಿರ. ಆದರೆ ಸಾಮಾನು ಹುಡುಕುವ ತಾಳ್ಮೆ ಬೇಕು.

ರೈಲನ್ನೇ ಅಳತೆಗೋಲು ಮಾಡಿಕೊಳ್ಳಿ

ಕೈಯಲ್ಲಿರುವ ಗಾಡಿಗಳನ್ನು ಕೊಂಡಿಯಿಂದ ಕೊಂಡಿಗೆ ಅಳೆಯಿರಿ. ಗಾಡಿಗಳನ್ನು ಇನ್ನೂ ಖರೀದಿಸಿಲ್ಲದಿದ್ದರೆ ಲೆಕ್ಕ ಹಾಕಬಹುದು. ನಮ್ಮ ನೀಲಿ ಐಸಿಎಫ್ ಬೋಗಿ (ಚೆನ್ನೈ ಕಾರ್ಖಾನೆಯ ವಿನ್ಯಾಸದ್ದು) ಬಫರಿನಿಂದ ಬಫರಿಗೆ, ಅಂದರೆ ತುದಿಯಿಂದ ತುದಿಗೆ, ಸುಮಾರು 22.3 ಮೀಟರ್. ಎಚ್‌ಒದಲ್ಲಿ ಅದು 25.6 ಸೆಂ.ಮೀ., ಎನ್‌ನಲ್ಲಿ 14 ಸೆಂ.ಮೀ. ಹತ್ತಿರ. ಡಬ್ಲ್ಯುಡಿಎಂ-3ಎ ಡೀಸೆಲ್ ಇಂಜಿನ್ ಸುಮಾರು 17 ಮೀಟರ್. ಎಚ್‌ಒದಲ್ಲಿ 20 ಸೆಂ.ಮೀ. ಅಂದುಕೊಳ್ಳಿ. ಅದಿರು, ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ 10.7 ಮೀಟರ್. ಎಚ್‌ಒದಲ್ಲಿ 12.3. ಲೆಕ್ಕಕ್ಕೆ ಪ್ರತಿ ವ್ಯಾಗನ್ನಿಗೂ ಹನ್ನೆರಡೂವರೆ ಸೆಂ.ಮೀ. ಹಿಡಿಯೋಣ.

ಹಾಗಾದರೆ ಪ್ಯಾಸೆಂಜರ್ ರೈಲು: ಒಂದು ಇಂಜಿನ್, ಎರಡು ಬೋಗಿ, ಒಟ್ಟು 71 ಸೆಂ.ಮೀ. ಗೂಡ್ಸ್: ಒಂದು ಇಂಜಿನ್, ನಾಲ್ಕು ವ್ಯಾಗನ್, ಒಟ್ಟು 70. ಎರಡೂ ಒಂದೇ ಉದ್ದಕ್ಕೆ ಬಂದವು. ಇದನ್ನು ಬೇಕಂತಲೇ ಹೀಗೆ ಹೊಂದಿಸಬೇಕು. ಒಂದು ರೈಲು 70, ಇನ್ನೊಂದು 110 ಆದರೆ ಇಡೀ ನಕ್ಷೆ ಆ ಉದ್ದನೆಯ ರೈಲಿಗೆ ಜಾಗ ಬಿಟ್ಟುಕೊಡಬೇಕಾಗುತ್ತದೆ. ಚಿಕ್ಕ ಲೇಔಟಿನಲ್ಲಿ ಗಾಡಿ ಕಡಿಮೆ ಇದ್ದಷ್ಟೂ ಊರು ದೊಡ್ಡದಾಗಿ ಕಾಣುತ್ತದೆ.

244 ಸೆಂ.ಮೀ.ಯನ್ನು ಹಂಚುವುದು

ಪ್ಲೈವುಡ್ ಹಲಗೆ ಅಂಗಡಿಯಲ್ಲಿ 8 ಅಡಿ ಉದ್ದ, 4 ಅಡಿ ಅಗಲ ಇರುತ್ತದೆ. ಅಂಗಡಿಯವರಿಗೇ ಹೇಳಿ ಉದ್ದುದ್ದ ಸೀಳಿಸಿ. 8 ಅಡಿ ಉದ್ದ, 2 ಅಡಿ ಅಗಲದ ಎರಡು ತುಂಡು ಸಿಗುತ್ತವೆ. 12 ಮಿ.ಮೀ. ದಪ್ಪ ಸಾಕು, ಕೆಳಗೆ ಮರದ ಚೌಕಟ್ಟು ಕೊಡಬೇಕು. ಈಗ ಒಂದೇ ತುಂಡು ಬಳಸೋಣ. ಇನ್ನೊಂದನ್ನು ಜೋಪಾನ ಮಾಡಿ.

8 ಅಡಿ ಅಂದರೆ 244 ಸೆಂ.ಮೀ. ಎಡತುದಿ ಹೊರ ಪ್ರಪಂಚ, ಅಂದರೆ ಚಿಕ್ಕಜಾಜೂರಿನ ದಿಕ್ಕು. ಬಲತುದಿಯಲ್ಲಿ ಹಳಿ ಮುಗಿಯುತ್ತದೆ. ಹಿಂದೆ, ಗೋಡೆಯ ಕಡೆ ಪ್ಲಾಟ್‌ಫಾರಂ. ಅದರ ಮುಂದೆ ಪ್ಲಾಟ್‌ಫಾರಂ ಲೈನ್, ಅದರ ಮುಂದೆ ಲೂಪ್. ಎರಡರ ನಡುವೆ, ಮಧ್ಯದಿಂದ ಮಧ್ಯಕ್ಕೆ 5 ಸೆಂ.ಮೀ.

ಇನ್ನು ಹಂಚಿಕೆ. ಎಡದಿಂದ ಬಲಕ್ಕೆ ಹೋಗೋಣ.

ಮೊದಲ 84 ಸೆಂ.ಮೀ. ಮರೆಯ ಜಾಗ. ರೈಲು ಹೊರಡುವುದು ಇಲ್ಲಿಂದ, ಹೋಗಿ ಸೇರುವುದೂ ಇಲ್ಲಿಗೆ. ಒಂದು ರೋಡ್ ಓವರ್‌ಬ್ರಿಡ್ಜ್ ಕಟ್ಟಿದರೆ ಅದರಾಚೆ ಏನಿದೆ ಅಂತ ಕಾಣುವುದಿಲ್ಲ. ಇದು ಶಂಟಿಂಗ್ ನೆಕ್ ಕೂಡ ಹೌದು. ಇಂಜಿನ್ ನಾಲ್ಕು ವ್ಯಾಗನ್ ಎಳೆದುಕೊಂಡು ಇಲ್ಲಿಗೆ ಬಂದು, ಪಾಯಿಂಟ್ (ಒಂದು ಹಳಿ ಎರಡಾಗಿ ಕವಲೊಡೆಯುವ ಜೋಡಣೆ) ಬದಲಾದ ಮೇಲೆ ಹಿಂದಕ್ಕೆ ನೂಕುತ್ತದೆ. 70 ಬೇಕು, 84 ಇದೆ. ಸರಿ.

84ರಿಂದ 124ರವರೆಗೆ ಮೊದಲ ಪಾಯಿಂಟ್. ಪೆಕೊ ಕಂಪನಿಯ ಎಚ್‌ಒ ಮೀಡಿಯಂ ಪಾಯಿಂಟ್ 21.9 ಸೆಂ.ಮೀ. ಉದ್ದ, ಸ್ಮಾಲ್ 18.5. ಹಾಗಾದರೆ 40 ಯಾಕೆ? ಪಾಯಿಂಟ್ ಮುಗಿದ ತಕ್ಷಣ ಎರಡು ಹಳಿ ದೂರವಾಗಿರುವುದಿಲ್ಲ. ಕವಲು ಹಳಿ ಬಾಗಿ ಮತ್ತೆ ಸಮಾನಾಂತರಕ್ಕೆ ಬರಲು ಇನ್ನೂ ಸುಮಾರು 18 ಸೆಂ.ಮೀ. ಬೇಕು. ಅಲ್ಲಿಯವರೆಗೆ ಒಂದು ಹಳಿಯಲ್ಲಿ ನಿಂತ ಬೋಗಿಗೆ ಪಕ್ಕದ ಹಳಿಯ ಇಂಜಿನ್ ತಾಗುತ್ತದೆ. ನಿಜವಾದ ರೈಲ್ವೆಯಲ್ಲಿ ಈ ಜಾಗಕ್ಕೆ ಫೌಲಿಂಗ್ ಮಾರ್ಕ್ ಹಾಕಿರುತ್ತಾರೆ. ಸ್ಟೇಷನ್ನಿನಲ್ಲಿ ಎರಡು ಹಳಿ ಸೇರುವ ಕಡೆ, ಅವುಗಳ ನಡುವೆ ನೆಲದಲ್ಲಿ ಒಂದು ಗುರುತಿನ ಕಲ್ಲು ಇರುತ್ತದೆ, ಗಮನಿಸಿ. ಕಾಗದದ ಮೇಲೆ ಬರೆದ ನಕ್ಷೆಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಪೆನ್ಸಿಲ್ ಗೆರೆಗೆ ದಪ್ಪ ಇಲ್ಲ, ಬೋಗಿಗೆ ಇದೆ.

124ರಿಂದ 179ರವರೆಗೆ 55 ಸೆಂ.ಮೀ. ಸ್ಪಷ್ಟ ಜಾಗ. ಎರಡು ಬೋಗಿ 51, ನಾಲ್ಕು ವ್ಯಾಗನ್ 50. ಎರಡೂ ಹಿಡಿಸುತ್ತವೆ.

179ರಿಂದ 219 ಎರಡನೇ ಪಾಯಿಂಟ್, ಮೊದಲನೆಯದಕ್ಕೆ ಎದುರು ಮುಖ. ಉಳಿದ 25 ಸೆಂ.ಮೀ. ಇಂಜಿನ್ ನಿಲ್ಲುವ ತುದಿ. 20 ಸೆಂ.ಮೀ. ಇಂಜಿನ್, ಒಂದಿಷ್ಟು ಉಸಿರಾಡುವ ಜಾಗ, ಕೊನೆಗೆ ಗಾಡಿಯನ್ನು ತಡೆಯುವ ಬಫರ್ ಸ್ಟಾಪ್. ಈ ತುಂಡನ್ನು ಉಳಿಸಲು ಹೋಗಿ 18ಕ್ಕೆ ಇಳಿಸಿದರೆ ಇಂಜಿನ್ ಪಾಯಿಂಟ್ ದಾಟುವುದೇ ಇಲ್ಲ. ಲೂಪ್ ಇದ್ದೂ ಇಲ್ಲದ ಹಾಗೆ.

ಕೂಡಿ ನೋಡಿ: 84, 40, 55, 40, 25. ಸರಿಯಾಗಿ 244.

ಈಗ ಗೂಡ್ಸ್ ಹಳಿ. 124ನೇ ಸೆಂ.ಮೀ.ಯಲ್ಲಿ ಲೂಪಿನಿಂದ ಮೂರನೇ ಪಾಯಿಂಟ್ ಒಡೆಯಲಿ. ಅದು ಬಲಕ್ಕೆ, ಲೂಪಿನ ಮುಂದೆ ಸಾಗಿ 244ರಲ್ಲಿ ಮುಗಿಯುತ್ತದೆ. ನಾಲ್ಕನೇ ಪಾಯಿಂಟ್ ಈ ಗೂಡ್ಸ್ ಹಳಿಯ ಮೇಲೆ, 200ನೇ ಸೆಂ.ಮೀ.ಯಲ್ಲಿ, ಅದರ ಒಂದೇ ಹಳಿ ಇರುವ ತುದಿ ಬಲಕ್ಕೆ ಇರುವ ಹಾಗೆ. ಅದರಿಂದ ಎಣ್ಣೆ ಮಿಲ್ಲಿನ ಹಳಿ ಎಡಕ್ಕೆ, ಹಲಗೆಯ ಮುಂಭಾಗದಲ್ಲಿ, ಸುಮಾರು 100ನೇ ಸೆಂ.ಮೀ.ವರೆಗೆ ಹಿಮ್ಮುಖವಾಗಿ ಹೋಗುತ್ತದೆ. ಗೂಡ್ಸ್ ಶೆಡ್ ಕೊನೆಯ 44 ಸೆಂ.ಮೀ. ಪಕ್ಕದಲ್ಲಿ. ಮೂರು ವ್ಯಾಗನ್ ನಿಲ್ಲುತ್ತವೆ.

ಈ ಹಿಮ್ಮುಖ ಹಳಿಯಲ್ಲೇ ಆಟ ಇರುವುದು. ಮಿಲ್ಲಿಗೆ ವ್ಯಾಗನ್ ಬಿಡಬೇಕಾದರೆ ಇಂಜಿನ್ ಮುಂದೆ, ವ್ಯಾಗನ್ ಹಿಂದೆ ಇಟ್ಟುಕೊಂಡು ಶೆಡ್ಡಿನವರೆಗೆ ಎಳೆದು, ಅಲ್ಲಿಂದ ಮಿಲ್ಲಿನ ಕಡೆ ನೂಕಬೇಕು. ಇಂಜಿನ್ 20, ವ್ಯಾಗನ್ 12.5, ಒಟ್ಟು 32.5. ಇರುವುದು 44. ಅಂದರೆ ಒಂದು ಸಲಕ್ಕೆ ಒಂದೇ ವ್ಯಾಗನ್. ಶೆಡ್ಡಿನ ಮುಂದೆ ಬೇರೆ ವ್ಯಾಗನ್ ನಿಂತಿದ್ದರೆ ಮೊದಲು ಅದನ್ನು ಹೊರಗೆ ತಂದು ಎಲ್ಲಾದರೂ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸುತ್ತೀರಿ? ಲೂಪಿನಲ್ಲಿ ನಿಲ್ಲಿಸಿದರೆ ಮೂರನೇ ಪಾಯಿಂಟೇ ಮುಚ್ಚಿಹೋಗುತ್ತದೆ. ಹೀಗೆ ನಾಲ್ಕು ವ್ಯಾಗನ್ ಮುಕ್ಕಾಲು ಗಂಟೆ ತಲೆ ಕೆಡಿಸುತ್ತವೆ. ಒಳ್ಳೆಯ ನಕ್ಷೆ ಅಂದರೆ ಇದೇ ಅಲ್ವಾ?

ಇನ್ನೊಂದು ವಿಷಯ ಗಮನಿಸಿ. ಈ ನಕ್ಷೆಯಲ್ಲಿ ಉದ್ದನೆಯ ಬೋಗಿಗಳು ಎಲ್ಲ ಪಾಯಿಂಟುಗಳ ನೇರ ದಾರಿಯಲ್ಲೇ ಬಂದು ನೇರ ದಾರಿಯಲ್ಲೇ ಹೋಗುತ್ತವೆ. ಬಾಗಿದ ದಾರಿಯಲ್ಲಿ ಓಡುವುದು ಇಂಜಿನ್ ಮತ್ತು ಗಿಡ್ಡ ವ್ಯಾಗನ್ ಮಾತ್ರ. ಒಂದು ತಿರುವು ಬಲಕ್ಕೆ ಹೋಗಿ ತಕ್ಷಣ ಎಡಕ್ಕೆ ಹೊರಳಿದರೆ ಉದ್ದನೆಯ ಬೋಗಿಗಳ ಮೂಲೆಗಳು ವಿರುದ್ಧ ದಿಕ್ಕಿಗೆ ಚಾಚಿಕೊಂಡು ಒಂದನ್ನೊಂದು ಹಳಿಯಿಂದ ಎತ್ತಿ ಹಾಕುತ್ತವೆ. ಅಂಥ ಎರಡು ತಿರುವುಗಳ ನಡುವೆ ಕನಿಷ್ಠ ಒಂದು ಬೋಗಿಯಷ್ಟು ನೇರ ಹಳಿ ಬೇಕು. ಚಿಕ್ಕ ಜಾಗದಲ್ಲಿ ಅದನ್ನು ಕೊಡಲು ಆಗುವುದಿಲ್ಲ, ಆದ್ದರಿಂದ ಬೋಗಿಯನ್ನೇ ಆ ದಾರಿಯಿಂದ ದೂರ ಇಡುವುದು ಜಾಣತನ.

ಐದನೇ ಪಾಯಿಂಟ್ ಹಾಕುವ ಆಸೆ ಖಂಡಿತ ಬರುತ್ತದೆ. ಬೇಡ. ಪ್ರತಿ ಪಾಯಿಂಟೂ 40 ಸೆಂ.ಮೀ. ತಿನ್ನುತ್ತದೆ, ಮತ್ತು ಆ 40ರಲ್ಲಿ ಯಾವ ವ್ಯಾಗನ್ನನ್ನೂ ನಿಲ್ಲಿಸುವ ಹಾಗಿಲ್ಲ.

ಇಷ್ಟೂ ಜಾಗ ಇಲ್ಲದಿದ್ದರೆ

ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗಲ್‌ನುಕ್ ಸೈಡಿಂಗ್ಸ್ ಎಂಬ ಹಳಿ ಒಗಟು ಇದೆ. ಎರಡು ಪಾಯಿಂಟ್, ಮೂರು ಹಳಿ. ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಯಬೇಕು. ಶಂಟಿಂಗ್ ನೆಕ್‌ನಲ್ಲಿ ಇಂಜಿನ್ ಜೊತೆ ಮೂರೇ ವ್ಯಾಗನ್. ಒಟ್ಟು ಎಂಟು ವ್ಯಾಗನ್ನುಗಳಲ್ಲಿ ಐದನ್ನು ಚೀಟಿ ಎತ್ತಿ ಆರಿಸಿ, ಚೀಟಿ ಬಂದ ಕ್ರಮದಲ್ಲೇ ರೈಲು ಕಟ್ಟಬೇಕು. ಅಂಥ ಕ್ರಮಗಳು 6720 ಇವೆ. ನಮ್ಮ ವ್ಯಾಗನ್ ಅಳತೆಗೆ ಐದೂವರೆ ಅಡಿ ಉದ್ದ, ಒಂದಡಿ ಅಗಲ ಸಾಕು. ಪುಸ್ತಕದ ಶೆಲ್ಫಿನ ಮೇಲೂ ಕೂರುತ್ತದೆ.

ಸುತ್ತು ಬೇಕೇ ಬೇಕು ಅನ್ನುವವರಿಗೆ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸುತ್ತು ಬೇಕು, ಒಪ್ಪುತ್ತೇನೆ. ತಿರುವಿನ ತ್ರಿಜ್ಯಕ್ಕೆ ಒಂದು ಸರಳ ಲೆಕ್ಕವಿದೆ. ಅತಿ ಉದ್ದದ ಬೋಗಿಯ ಎರಡು ಪಟ್ಟು ತ್ರಿಜ್ಯ ಇದ್ದರೆ ಹೇಗೋ ಓಡುತ್ತದೆ. ಎರಡೂವರೆ ಪಟ್ಟು ಇದ್ದರೆ ನಂಬಬಹುದು. ಮೂರು ಪಟ್ಟು ಇದ್ದರೆ ಕಣ್ಣಿಗೂ ಚೆಂದ. ಎಚ್‌ಒದ ಐಸಿಎಫ್ ಬೋಗಿಗೆ ಎರಡೂವರೆ ಪಟ್ಟು ಅಂದರೆ 64 ಸೆಂ.ಮೀ. ಸುತ್ತಿಗೆ 128, ಎರಡು ಅಂಚು ಸೇರಿ ಸುಮಾರು 140 ಸೆಂ.ಮೀ. ಅಗಲ. ನಾಲ್ಕಡಿ ಹಲಗೆಗೆ ಹಿಡಿಯುವುದಿಲ್ಲ. ಎನ್ ಅಳತೆಯಲ್ಲಿ ಅದೇ ಲೆಕ್ಕ 35 ಸೆಂ.ಮೀ., ಅಂಚು ಸೇರಿ 80 ಸೆಂ.ಮೀ. ಅಗಲ ಸಾಕು.

ಹಳಿಯನ್ನು ತಿರುಗಿಸಿ ಮತ್ತೆ ಅದೇ ಹಳಿಗೆ ಸೇರಿಸುವ ಬಲೂನ್ ಲೂಪ್ ಬರೆಯುವಾಗ ಎಚ್ಚರ. ಎರಡು ಹಳಿಯಲ್ಲಿ ಡಿಸಿ ಕರೆಂಟ್ ಹರಿಯುವ ವ್ಯವಸ್ಥೆಯಲ್ಲಿ ಪ್ಲಸ್ ಹಳಿ ತಿರುಗಿ ಬಂದು ಮೈನಸ್ ಹಳಿಗೆ ತಾಗಿ ಶಾರ್ಟ್ ಆಗುತ್ತದೆ. ತ್ರಿಕೋನಾಕಾರದ ಹಳಿಗೂ ಇದೇ ಸಮಸ್ಯೆ. ಅಲ್ಲಿ ಎರಡೂ ಹಳಿ ಕತ್ತರಿಸಿ, ಪ್ರತ್ಯೇಕ ವಿಭಾಗ ಮಾಡಿ, ಕರೆಂಟಿನ ದಿಕ್ಕು ಬದಲಿಸುವ ಸ್ವಿಚ್ ಕೊಡಬೇಕು.

ಏರು ಹಾಕಿ ಒಂದು ಹಳಿಯ ಮೇಲೆ ಇನ್ನೊಂದನ್ನು ದಾಟಿಸುವುದು ಬೇಡ. ಎಚ್‌ಒದಲ್ಲಿ ಕೆಳಗೆ ರೈಲು ಹೋಗಲು ಏಳೂವರೆ ಸೆಂ.ಮೀ. ಎತ್ತರ ಬೇಕು. 50ಕ್ಕೆ 1ರ ಏರಿನಲ್ಲಿ ಅಷ್ಟು ಹತ್ತಲು 3.75 ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ. ಹಳಿ ಸಮತಟ್ಟಾಗಿರಲಿ, ನೆಲ ಏರಲಿ. ಚಿತ್ರದುರ್ಗದ ಸೀಮೆಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಹಿಂದಿನ ಗೋಡೆಗೆ ದುಂಡು ಬಂಡೆಗಳ ಗುಡ್ಡ, ಮೇಲೊಂದು ಕೋಟೆಯ ಗೋಡೆ, ದೂರದಲ್ಲಿ ಎರಡು ಗಾಳಿಯಂತ್ರ. ನೋಡಿದವರು ಊರಿನ ಹೆಸರು ಕೇಳುವುದಿಲ್ಲ.

ಕಾಗದದ ಮೇಲೆ ಓಡಿಸಿ ನೋಡಿ

ಕಂಪ್ಯೂಟರಿನಲ್ಲಿ ಬರೆಯುವವರಿಗೆ ಎಕ್ಸ್‌ಟ್ರ್ಯಾಕ್‌ಕ್ಯಾಡ್ ಎಂಬ ಉಚಿತ ತಂತ್ರಾಂಶವಿದೆ. ಪಾಯಿಂಟುಗಳ ನಿಜ ಅಳತೆ ಅದರಲ್ಲೇ ಇರುವುದರಿಂದ ಇಲ್ಲದ ಜಾಗವನ್ನು ಇದೆ ಅಂದುಕೊಳ್ಳುವ ತಪ್ಪು ಆಗುವುದಿಲ್ಲ. ಆದರೂ ನನಗೆ ಇಷ್ಟವಾದ ದಾರಿ ಬೇರೆ. ಪೆಕೊದವರು ತಮ್ಮ ಪಾಯಿಂಟುಗಳ ಪೂರ್ಣ ಗಾತ್ರದ ಚಿತ್ರಗಳನ್ನು ಉಚಿತವಾಗಿ ಕೊಡುತ್ತಾರೆ. ಅವನ್ನು ಜೆರಾಕ್ಸ್ ಅಂಗಡಿಯಲ್ಲಿ ಶೇ. 100 ಗಾತ್ರದಲ್ಲಿ ಪ್ರಿಂಟ್ ತೆಗೆಸಿ. 'ಪುಟಕ್ಕೆ ಹೊಂದಿಸು' ಅನ್ನುವ ಆಯ್ಕೆ ತೆಗೆಯಲು ಹೇಳಿ, ಇಲ್ಲದಿದ್ದರೆ ಅಳತೆ ಕುಗ್ಗುತ್ತದೆ. ಸ್ಕೇಲ್ ಇಟ್ಟು ಒಮ್ಮೆ ಅಳೆದು ನೋಡಿ.

ಹಳೆ ಪೇಪರ್ ಅಂಟಿಸಿ 8 ಅಡಿ ಉದ್ದದ ಹಾಳೆ ಮಾಡಿ ನೆಲದ ಮೇಲೆ ಹಾಸಿ. ಪಾಯಿಂಟಿನ ಚಿತ್ರಗಳನ್ನು ಜಾಗದಲ್ಲಿ ಇಡಿ, ನಡುವೆ ಗೆರೆ ಎಳೆಯಿರಿ. ರಟ್ಟಿನಲ್ಲಿ ಇಂಜಿನ್, ಬೋಗಿ, ವ್ಯಾಗನ್ ಕತ್ತರಿಸಿ. ಅಗಲ 4 ಸೆಂ.ಮೀ. ಇರಲಿ, ಉದ್ದ ನಿಮ್ಮ ಗಾಡಿಯಷ್ಟೇ. ಇನ್ನು ಆಡಿ. ಪ್ಯಾಸೆಂಜರ್ ಬರಲಿ, ಇಂಜಿನ್ ಸುತ್ತಿ ಹೋಗಲಿ. ಗೂಡ್ಸ್ ಬರಲಿ, ಮಿಲ್ಲಿಗೆ ವ್ಯಾಗನ್ ಬಿಡಿ. ಒಂದು ವಾರ ಹೀಗೆ ಆಡಿದ ಮೇಲೆ ಹಳಿ ಕೊಳ್ಳಲು ಹೋಗಿ. ಪಾಯಿಂಟ್ ಅಗ್ಗದ ಸಾಮಾನಲ್ಲ. ರಟ್ಟಿನ ರೈಲು ಸಿಕ್ಕಿಹಾಕಿಕೊಳ್ಳುವ ಜಾಗದಲ್ಲಿ ನಿಜವಾದ ರೈಲೂ ಸಿಕ್ಕಿಹಾಕಿಕೊಳ್ಳುತ್ತದೆ.

ಹಲಗೆಯ ಕೆಳಗಿನ ಚೌಕಟ್ಟನ್ನೂ ಇದೇ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತಿಸಿ. ಪಾಯಿಂಟನ್ನು ಬದಲಿಸುವ ಪಾಯಿಂಟ್ ಮೋಟಾರ್ ಬರುವ ಜಾಗಕ್ಕೇ ಮರದ ಪಟ್ಟಿ ಬಂದರೆ ಆಮೇಲೆ ಉಳಿಯಿಂದ ಕೆತ್ತಬೇಕಾಗುತ್ತದೆ. ಪ್ರತಿ ಹಳಿ ತುಂಡಿಗೂ ವೈರ್ ಎಲ್ಲಿ ಇಳಿಯುತ್ತದೆ ಎಂದು ಬರೆಯಿರಿ. ಹಳಿ ಜೋಡಿಸುವ ಕ್ಲಿಪ್ಪಿನ ಮೇಲೆ ಮಾತ್ರ ಕರೆಂಟ್ ನಂಬಬೇಡಿ. ಬಲತುದಿಯ 25 ಸೆಂ.ಮೀ. ಹಳಿಗೆ ಒಂದು ಪ್ರತ್ಯೇಕ ಸ್ವಿಚ್ ಕೊಟ್ಟರೆ ಅಲ್ಲಿ ಒಂದು ಇಂಜಿನ್ ನಿಲ್ಲಿಸಿ ಇನ್ನೊಂದನ್ನು ಓಡಿಸಬಹುದು.

ಹಳಿ ಹೊಡೆಯುವಾಗ ನಮ್ಮ ಬಿಸಿಲನ್ನು ಮರೆಯಬೇಡಿ. ಚಳಿಗಾಲದ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ 25 ಡಿಗ್ರಿ ವ್ಯತ್ಯಾಸ ಇದ್ದರೆ 8 ಅಡಿ ನಿಕ್ಕಲ್ ಸಿಲ್ವರ್ ಹಳಿ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಬಿಗಿಯಾಗಿ ಜೋಡಿಸಿದ್ದರೆ ಆ 1 ಮಿ.ಮೀ. ಹಳಿಯನ್ನು ಪಕ್ಕಕ್ಕೆ ಸೊಟ್ಟಗಾಗಿಸುತ್ತದೆ. ಪ್ರತಿ ಜೋಡಣೆಯಲ್ಲೂ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ.

ಎಡ ಅಂಚಿಗೆ ಹಳಿ ತಲುಪುವ ಕಡೆ ಒಂದು ಕೆಲಸ ಈಗಲೇ ಮಾಡಿಡಿ. ಹಳಿ ಅಂಚಿಗೆ ಸರಿಯಾಗಿ ಲಂಬವಾಗಿ ಮುಟ್ಟಲಿ. ಹಿಂದಿನ ಅಂಚಿನಿಂದ ಅದು ಎಷ್ಟು ದೂರದಲ್ಲಿದೆ ಅನ್ನುವುದನ್ನು ಹಲಗೆಯ ಕೆಳಗೇ ಬರೆದಿಡಿ. ಎತ್ತಿಟ್ಟ ಆ ಇನ್ನೊಂದು ಎಂಟಡಿ ತುಂಡು ಇದೆಯಲ್ಲ, ಮುಂದೆ ಜಾಗ ಸಿಕ್ಕಾಗ ಅದು ಇಲ್ಲಿಗೆ ಬೋಲ್ಟ್ ಆಗಿ ಕೂರುತ್ತದೆ. ಆಗ ಮರೆಯ ಜಾಗದ ಓವರ್‌ಬ್ರಿಡ್ಜಿನ ಆಚೆ ನಿಮ್ಮ ಚಿಕ್ಕಜಾಜೂರು ಶುರುವಾಗುತ್ತದೆ.